ಕಲ್ಲು ಮತ್ತು ಸಪ್ಪಳ | ಕಂತು 5 | ಒಳಗೇ ಆರಿದ ಬೆಂಕಿ

ರಾಯಚೂರು ಅಂದ ಕೂಡಲೇ ನೀವು ಹೇಳೋದು ಒಂದೇ: "ಅಯ್ಯೋ, ಏನ್ ಬಿಸಿಲ್ರೀ!" ಹೌದು. ಆದ್ರೆ ಇವತ್ತು ತಲೆ ಮೇಲಿನ ಬಿಸಿಲು ಬಿಟ್ಟು ಕಾಲ ಕೆಳಗಿನ ಬೆಂಕಿ ನೋಡೋಣ. ಇಯರ್‌ಫೋನ್ ಇದ್ರೆ ಹಾಕ್ಕೊಳ್ರಿ.

ಮೊದಲು ಒಂದು ಆಲ್ಬಂ. ಐಸ್‌ಲ್ಯಾಂಡಿನ ಬ್ಲ್ಯಾಕ್ ಮೆಟಲ್ ತಂಡ ಮಿಸ್ತಿರ್ಮಿಂಗ್, 2015ರಲ್ಲಿ ತಂದ ಚೊಚ್ಚಲ ಆಲ್ಬಂ. ಹೆಸರಿನ ಅರ್ಥ 'ಬೆಂಕಿ ಮತ್ತು ಅಲ್ಲೋಲಕಲ್ಲೋಲದ ಹಾಡುಗಳು'. ಆ ದೇಶ ಕೂತಿರೋದೇ ಜ್ವಾಲಾಮುಖಿಗಳ ಮೇಲೆ. 2010ರಲ್ಲಿ ಅಲ್ಲಿ ಒಂದು ಸಿಡಿದಾಗ, ಅದರ ಬೂದಿಗೆ ಯುರೋಪಿನ ವಿಮಾನಗಳು ದಿನಗಟ್ಟಲೆ ನಿಂತಿದ್ವು.

ಈ ಸಂಗೀತದಲ್ಲಿ ಗಿಟಾರಿನ ಒಂದೇ ಸ್ವರವನ್ನ ಬಿಡದೆ, ಅತಿ ವೇಗವಾಗಿ ಮೀಟ್ತಾರೆ. ಡ್ರಮ್ಮು ಅದಕ್ಕಿಂತ ಜೋರು. ದನಿ ಅಂದ್ರೆ ಚೀರಾಟ. ಹತ್ತಿರದಿಂದ ಕೇಳಿದ್ರೆ ಬರೀ ಗದ್ದಲ. ಸ್ವಲ್ಪ ತಾಳ್ಮೆಯಿಂದ ಕೂತ್ರೆ ಅದೆಲ್ಲಾ ಸೇರಿ ಒಂದೇ ಗುಂಯ್ ಅನ್ನೋ ನಾದ ಆಗ್ತದ.

ಎರಡನೇ ಫೋಟೋ ನೋಡ್ರಿ. ದೇವದುರ್ಗದ ದಾರಿಯ ಗುಂಡುಗಲ್ಲುಗಳು. ಮಾನ್ವಿ ಕಡೆ ಹೋದ್ರೂ ಇವೇ, ರಾಯಚೂರು ಕೋಟೆ ನಿಂತಿರೋದೂ ಇವುಗಳ ಮೇಲೇ. ಗ್ರಾನೈಟ್ ಅಂದ್ರೆ ಹೊರಗೆ ಉಕ್ಕದೆ, ನೆಲದ ಆಳದಲ್ಲೇ ಲಕ್ಷಾಂತರ ವರ್ಷ ನಿಧಾನಕ್ಕೆ ಆರಿದ ಕಲ್ಲಿನ ರಸ. ನಿಧಾನಕ್ಕೆ ಆರಿದ್ದಕ್ಕೇ ಅದರ ಹರಳು ದಪ್ಪ, ಕಣ್ಣಿಗೆ ಕಾಣ್ತಾವ. ಮೇಲಿನ ಮಣ್ಣು, ಕಲ್ಲು ಸವೆದು ಹೋದ ಮೇಲೆ ಅದು ಬಯಲಿಗೆ ಬಂತು.

ಉಕ್ಕಿ ಹೊರಗೆ ಬಂದ ಲಾವಾನೂ ನಮ್ಮಲ್ಲಿ ಐತಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೋಗ್ರಿ. ಚಿನ್ನದ ಗಣಿಯ ಸುತ್ತಲಿನ ಆ ಕಪ್ಪು-ಹಸಿರು ಕಲ್ಲು ಸುಮಾರು 250 ಕೋಟಿ ವರ್ಷಕ್ಕೂ ಹಿಂದೆ ಹರಿದ ಲಾವಾ. ಆಮೇಲೆ ಒತ್ತಡಕ್ಕೆ, ಶಾಖಕ್ಕೆ ರೂಪ ಬದಲಾಯ್ತು. ಅದರ ಬಿರುಕುಗಳಲ್ಲೇ ಚಿನ್ನ ಕೂತಿದ್ದು.

ನಮ್ಮ ಮಾಮ ಇಪ್ಪತ್ತು ವರ್ಷ ಒಂದು ಕಲ್ಲು ಕ್ವಾರಿಯಾಗ ದುಡಿದವರು. ಎಡಗಿವಿ ಪೂರ್ತಿ ಹೋಗೇತಿ. ಒಮ್ಮೆ ಈ ಆಲ್ಬಮ್ಮನ್ನ ಅವರ ಬಲಗಿವಿಗೆ ಹಿಡಿದೆ. "ಇದು ನಮ್ಮ ಕಂಪ್ರೆಸರ್ ಸಪ್ಪಳ ಅಲ್ಲೇನೋ?" ಅಂತ ನಕ್ಕರು. ನಾನು ತೆಗೆಯೋಕೆ ಹೋದ್ರೆ ಕೈ ಹಿಡಿದು ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ ಅಂದರು: "ಒಳಗ ಯಾರೋ ಅಳಾಕತ್ಯಾರ ನೋಡು."

ಭಾಷೆ ಗೊತ್ತಿಲ್ಲ, ದೇಶ ಗೊತ್ತಿಲ್ಲ. ಕಲ್ಲು ಒಡೆದ ಕಿವಿಗೆ ಮಾತ್ರ ಗದ್ದಲದ ಹಿಂದಿನ ಅಳು ಗೊತ್ತಾಯ್ತು. ನಾನು ಎಷ್ಟು ಸಲ ಕೇಳಿದ್ರೂ ಇದನ್ನ ಇಷ್ಟು ಚೊಲೋ ಹೇಳಿರಲಿಲ್ಲ.

ಕರ್ನಾಟಕದಾಗ ಮೆಟಲ್ ಅಂದ್ರ ಬೆಂಗಳೂರು ಅಂತ ಎಲ್ಲರಿಗೂ ಗೊತ್ತು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ, ಎರಡೂ ಅರಮನೆ ಮೈದಾನದಲ್ಲಿ. ಒಪ್ಪಿದೆ. ಆದ್ರೆ ಮಾನ್ವಿಯಲ್ಲೋ ದೇವದುರ್ಗದಲ್ಲೋ ರೂಮಿನ ಬಾಗಿಲು ಹಾಕ್ಕೊಂಡು ಗಿಟಾರ್ ಹಿಡಿದವರು ನೀವಾಗಿದ್ರೆ, "ಇದೆಲ್ಲಾ ನಮ್ಮೂರಿಗಲ್ಲಪ್ಪಾ" ಅನ್ನೋ ಮಾತನ್ನ ನಂಬಬ್ಯಾಡ್ರಿ. ಬೆಂಕಿ ಐಸ್‌ಲ್ಯಾಂಡಿಗೆ ಮಾತ್ರ ಬರೆದು ಕೊಟ್ಟಿದ್ದಲ್ಲ. ನಮ್ಮದು ಹಳೇದು, ಬಹಳ ಹಳೇದು. ಹೆಚ್ಚಿನಂಶ ಒಳಗೇ ಆರಿದ್ದು. ಅದರ ಹಾಡು ಬ್ಯಾರೆ ಇರ್ತದ, ಬಹುಶಃ ಇನ್ನೂ ನಿಧಾನ. ರೆಕಾರ್ಡ್ ಮಾಡಿದ್ರೆ ಮೊದಲು ಮಾಮನಿಗೆ ಕೇಳಿಸ್ತೀನಿ, ಬಲಗಿವಿ ಇರೋವಾಗಲೇ.

ನಿಮ್ಮೂರಿನ ಕಲ್ಲು ಯಾವ ಬಣ್ಣ? ಕಾಮೆಂಟ್‌ನಾಗ ಹಾಕ್ರಿ.

#ಕಲ್ಲುಮತ್ತುಸಪ್ಪಳ #ರಾಯಚೂರು #ದೇವದುರ್ಗ #ಮಾನ್ವಿ #ಬ್ಲ್ಯಾಕ್‌ಮೆಟಲ್