ಗಡ್ಡಾದ ಗದ್ದಲ

"ಗಡ್ಡಾಕ್ಕ ಬಾ. ಬರೂ ಮುಂದ ನಿದ್ದಿ ಮುಗಿಸ್ಕೊಂಡು ಬಾ." ಸೊಲ್ಲಾಪುರದ ಅಕ್ಕ ಪ್ರತಿ ಜನವರಿ ಫೋನಿನಲ್ಲಿ ಹೇಳುವುದು ಇಷ್ಟೇ. ಕ್ಷೇಮಸಮಾಚಾರ ಕೇಳುವುದಿಲ್ಲ, ನನ್ನ ಉತ್ತರಕ್ಕೂ ಕಾಯುವುದಿಲ್ಲ. ಗಡ್ಡಾ ಎಂದರೆ ಅಲ್ಲಿನ ಸಿದ್ಧರಾಮೇಶ್ವರನ ಜಾತ್ರೆ. ಅವಳ ಮನೆ ಉತ್ತರ ಕಸಬಾದ ಒಂದು ಗಲ್ಲಿಯಲ್ಲಿದೆ. ಸಿದ್ಧರಾಮೇಶ್ವರನ ನಂದಿಧ್ವಜಗಳು ಹೊರಡುವ, ಪೂಜಾರಿ ಮನೆತನದವರಾದ ಹಿರೇಹಬ್ಬುಗಳ ವಾಡೆ ಅಲ್ಲಿಂದ ಕೂಗಳತೆಯ ದೂರ. ಜಾತ್ರೆಯ ವಾರ ಮಾತ್ರ ಅಲ್ಲಿ ಯಾರ ಕೂಗೂ ಕೇಳುವುದಿಲ್ಲ, ಹಲಗಿ ಕೇಳುತ್ತದೆ.

ಕೂತು ಸಂಗೀತ ಕೇಳುವ ರೂಢಿಯವನು ನಾನು. ಬೆಂಗಳೂರಿನಲ್ಲಿದ್ದಾಗ ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಕುರ್ಚಿ ಹಿಡಿದು, ಪಕ್ಕದವರ ತಾಳ ತಪ್ಪಿದ್ದನ್ನು ಓರೆಗಣ್ಣಿನಲ್ಲಿ ನೋಡಿ ಖುಷಿಪಟ್ಟವನು. ಸೊಲ್ಲಾಪುರದಲ್ಲಿ ಆ ಆಟ ನಡೆಯುವುದಿಲ್ಲ. ಇಲ್ಲಿ ಕೂತರೆ ಕಛೇರಿಯೇ ಎದ್ದು ಮುಂದೆ ಹೋಗಿಬಿಡುತ್ತದೆ.

ವಿಜಯಪುರದಿಂದ ಹೊರಟ ರೈಲು ಭೀಮೆಯನ್ನು ದಾಟಿ ಹೋಟಗಿ ಜಂಕ್ಷನ್ನಿನಲ್ಲಿ ಸಾಕಷ್ಟು ಹೊತ್ತು ಯೋಚನೆ ಮಾಡಿ ಸೊಲ್ಲಾಪುರ ಮುಟ್ಟುತ್ತದೆ. ನಾನು ಹೋಗುವುದು 12ನೇ ತಾರೀಖಿಗೆ. ಅಂದು ಚಾರ್ ಪುತಳೆಯ ನಾಲ್ಕು ಪ್ರತಿಮೆಗಳ ಕೊರಳಲ್ಲಿ ಹಸಿ ಮಾಲೆಗಳಿರುತ್ತವೆ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಬ್ರಿಟಿಷರು ಈ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೆ ಹಾಕಿದ್ದು 1931ರ ಜನವರಿ 12ರಂದು. ಮಾರನೆಯ ದಿನವೇ ಜಾತ್ರೆ. ಆ ವರ್ಷ ಹಲಗಿ ಹೇಗೆ ಬಾರಿಸಿದರೋ ಎಂದು ಅಲ್ಲಿ ನಿಂತಾಗಲೆಲ್ಲ ಅನಿಸುತ್ತದೆ.

13ರ ನಸುಕಿನಲ್ಲಿ ಮಾಮಾ, ಅಂದರೆ ಅಕ್ಕನ ಗಂಡ, ನನ್ನನ್ನು ಎಬ್ಬಿಸಿ ವಾಡೆಯ ಕಡೆ ಎಳೆದುಕೊಂಡು ಹೋದರು. ಗಲ್ಲಿಯ ತಿರುವಿನಲ್ಲಿ ಮೂವರು ಹಲಗಿಯವರು ರಟ್ಟಿನ ಡಬ್ಬಿ ಹರಿದು ಬೆಂಕಿ ಹಾಕಿದ್ದರು. ಹಲಗಿಯ ಮುಖವನ್ನು ಉರಿಗೆ ಹಿಡಿಯುವುದು, ಅಂಗೈಯಿಂದ ಸವರುವುದು, ಉಗುರಿನಿಂದ ಒಮ್ಮೆ ತಟ್ಟಿ ಕಿವಿಗೊಡುವುದು. ಮೊದಲು 'ದಬ್' ಎಂದಿತು. ಮತ್ತೆ ಉರಿಗೆ ಹಿಡಿದರು. ನಾಲ್ಕನೆಯ ಸಲ 'ಠಣ್' ಎಂದಾಗ ಮುದುಕ ತಲೆ ಅಲ್ಲಾಡಿಸಿದ. ಎಡಗೈಗೆ ಬೆತ್ತದಂಥ ಸಣ್ಣ ಕಡ್ಡಿ, ಬಲಗೈಗೆ ದಪ್ಪನೆಯದು. "ಮಳೀಗಿಂತ ಥಂಡಿ ಕೆಟ್ಟದ್ರಿ ಸಾಹೇಬ್ರ" ಎಂದ. "ಮಳಿ ಬಂದ್ರ ಹಲಗಿ ಮುಚ್ಚಿಟ್ಟೇವು. ಥಂಡೀನ ಹೆಂಗ ಮುಚ್ಚಿಡೂದು?" ಪಕ್ಕದ ಹುಡುಗ ನಕ್ಕ. ಅವನದು ಫೈಬರ್ ಹಲಗಿ. ಅದಕ್ಕೆ ಬೆಂಕಿ ಬೇಡ, ನಟ್ಟು ಬಿಗಿಯಲು ಒಂದು ಪಾನಾ ಸಾಕು. ಸದ್ದು ಹುಡುಗನದ್ದೇ ದೊಡ್ಡದು, ಆದರೆ ನನ್ನ ಓಟು ಮುದುಕನಿಗೆ.

ನಂದಿಧ್ವಜಗಳು ಏಳು. ಹಿರೇಹಬ್ಬುಗಳದ್ದು ಮೊದಲನೆಯದು. ಮಾಳಿ, ವಿಶ್ವಬ್ರಾಹ್ಮಣ, ಮಾತಂಗ ಸಮಾಜಗಳ ಮಾನವೂ ಈ ಏಳರಲ್ಲಿ ಸೇರಿದೆ. ಮನೆಯ ಮಾಳಿಗೆ ಮೀರಿ ನಿಲ್ಲುವ ಆ ಕಂಬವನ್ನು ಬಿಳಿ ಬಾರಾಬಂದಿ ತೊಟ್ಟವನೊಬ್ಬ ನಡುಕಟ್ಟಿನ ಮೇಲೆ ಹೊತ್ತು ನಡೆಯುತ್ತಾನೆ. ನೋಡುವವರಿಗೆ ಅದು ತೋಳ್ಬಲದ ಕೆಲಸ. ಮಾಮಾ ಬೇರೆಯೇ ಹೇಳುತ್ತಾರೆ: "ಹೊರೂದು ತೋಳ ಅಲ್ಲೋ, ಕಿವಿ. ಹಲಗಿ ತಪ್ಪಿದ್ರ ಹೆಜ್ಜಿ ತಪ್ತದ, ಹೆಜ್ಜಿ ತಪ್ಪಿದ್ರ ಕಂಬ ವಾಲ್ತದ." ಅದಕ್ಕೇ ಜಾತ್ರೆಗೆ ಎಷ್ಟೋ ದಿನ ಮೊದಲೇ ರಾತ್ರಿ ಹೊತ್ತು ಗಲ್ಲಿಯ ಹುಡುಗರು ಕಂಬ ಹೊತ್ತು ಸರಾವು ಮಾಡುತ್ತಾರೆ. ಮಾಮಾನೂ ಹರೆಯದಲ್ಲಿ ಹೊತ್ತವರೇ. ಈಗ ಸೊಂಟ ನೋವು, ಸಲಹೆ ಮಾತ್ರ ಕೊಡುತ್ತಾರೆ.

ಅಂದಿನ ಕಾರ್ಯಕ್ರಮ ಊರ ಸುತ್ತಲಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆ ಹಚ್ಚುವುದು. ಸೊನ್ನಲಿಗೆಯ, ಅಂದರೆ ಇದೇ ಸೊಲ್ಲಾಪುರದ, ಸಿದ್ಧರಾಮ 12ನೇ ಶತಮಾನದಲ್ಲಿ ಕೆರೆ ಕಟ್ಟಿ, ಸ್ಥಾಪಿಸಿದ ಲಿಂಗಗಳಿವು ಎಂಬುದು ನಂಬಿಕೆ. ಇಲ್ಲಿನ ಮರಾಠಿ ಪತ್ರಿಕೆಗಳು ಆ ದಿನವನ್ನು ಏನೆಂದು ಬರೆಯುತ್ತವೆ ಗೊತ್ತೆ? 'ಯಣ್ಣಿಮಜ್ಜನ'. ನಮ್ಮ ಎಣ್ಣೆಮಜ್ಜನವೇ ದೇವನಾಗರಿ ಅಂಗಿ ತೊಟ್ಟು ನಿಂತಿರುತ್ತದೆ. ಸೊಲ್ಲಾಪುರದಲ್ಲಿ ಕನ್ನಡ ಕಣ್ಣಿಗೆ ಕಾಣುವುದು ಕಡಿಮೆ, ಕಿವಿಗೆ ಬೀಳುವುದು ಹೆಚ್ಚು. ಬೋರ್ಡು ಓದುತ್ತ ಹೋದವನು ಇಲ್ಲಿ ಕನ್ನಡವಿಲ್ಲ ಎಂದು ವರದಿ ಬರೆದಾನು. ಹಲಗಿಯ ಹಿಂದೆ ಹೋದವನಿಗೆ ಹೆಜ್ಜೆಗೊಂದು ಕನ್ನಡದ ಮಾತು ಸಿಗುತ್ತದೆ. ಗಡ್ಡಾ ಎಂಬ ಹೆಸರೇ ಕೆರೆಯ ನಡುಗಡ್ಡೆಯಿಂದ ಬಂದದ್ದಿರಬೇಕೆಂದು ನನ್ನ ಗುಮಾನಿ. ಗುಡಿ ಇರುವುದೂ ನೀರಿನ ನಡುವೆಯೇ.

ಇಪ್ಪತ್ತನೆಯ ಲಿಂಗದ ಹತ್ತಿರವೋ ಏನೋ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತಿತು. ಸುತ್ತ ಬರಿಗಾಲಲ್ಲಿ ನಡೆಯುತ್ತಿದ್ದವರು ಯಾರೂ ಮರುಗಲಿಲ್ಲ.

14ಕ್ಕೆ ಅಕ್ಷತೆ. ಸಿದ್ಧರಾಮನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದ ಕುಂಬಾರರ ಹುಡುಗಿಗೆ ಅವನು ತನ್ನ ಯೋಗದಂಡವನ್ನು ವರಿಸಲು ಹೇಳಿದನಂತೆ. ಆ ಮದುವೆ ಪ್ರತಿವರ್ಷವೂ ಆಗುತ್ತದೆ. ಗುಡಿಯ ಹತ್ತಿರದ ಸಮ್ಮತಿ ಕಟ್ಟೆಯ ಸುತ್ತ ನಿಲ್ಲಲು ಹೋದರೆ ಕಾಲು ನೆಲಕ್ಕೆ ಹತ್ತುವುದಿಲ್ಲ, ಅಷ್ಟು ಗರ್ದಿ. ಇಲ್ಲಿಯವರೆಗೆ ಬಾರಿಸಿದ ಬ್ಯಾಂಡು, ತುತಾರಿ, ಹಲಗಿ ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ. ಮದುವೆಯ ಮಂತ್ರವಾದ ಸಮ್ಮತಿ ಓದುವ ಒಂದೇ ದನಿ ಉಳಿಯುತ್ತದೆ. ಅದು 'ಸತ್ಯಂ' ಎಂಬಲ್ಲಿಗೆ ಬಂದಾಗ ಸಾವಿರಾರು ಕೈಗಳಿಂದ ಅಕ್ಕಿ ಹಾರುತ್ತದೆ. ಅದರ ಜೊತೆಗೇ 'ದಿಡ್ಡಂ' ಎಂಬ ಇನ್ನೊಂದು ಮಾತೂ ಬರುತ್ತದೆ. ನನ್ನ ಪಕ್ಕದಲ್ಲಿದ್ದ ತೆಲುಗು ಹೆಂಗಸು, ಮುಂದಿದ್ದ ಮರಾಠಿ ಕಾಲೇಜು ಹುಡುಗರು ಎಲ್ಲರೂ 'ದಿಡ್ಡಂ' ಎಂದರು. ನನ್ನ ಕಿವಿಗೆ ಅದು ಹಳಗನ್ನಡದ ದಿಟವೇ. ಸಾವಿರಾರು ಕಾಳು ಒಟ್ಟಿಗೆ ಬೀಳುವ ಸಣ್ಣ ಸದ್ದನ್ನು ಆ ನಿಶ್ಶಬ್ದದಲ್ಲಿ ಕೇಳಬೇಕು. ವಾರದ ಕಛೇರಿಗಳಲ್ಲಿ ನನ್ನ ಆಯ್ಕೆ ಅದೇ.

ರಾತ್ರಿ ಜಾತ್ರೆಯ ಆಟ-ಅಂಗಡಿಗಳ ಹೋಮ್ ಮೈದಾನಕ್ಕೆ ಹೋದರೆ ಅದಕ್ಕೆ ತದ್ವಿರುದ್ಧ. ಪಾಳಣೆಗೊಂದು ಸ್ಪೀಕರು, ಮೌತ್ ಕಾ ಕುವಾಕ್ಕೊಂದು, ಬಳೆ ಅಂಗಡಿಗೊಂದು. ಒಂದು ಕಿವಿಯಲ್ಲಿ ಮರಾಠಿ ಲಾವಣಿ, ಇನ್ನೊಂದರಲ್ಲಿ ಕನ್ನಡದ ಭಕ್ತಿಗೀತೆ, ಎರಡರ ನಡುವೆ ಜನರೇಟರಿನ ಶ್ರುತಿ. ಬೇರೆ ಊರಿನಲ್ಲಾದರೆ ತಲೆನೋವು ಬರುತ್ತಿತ್ತು. ಆದರೆ ಇದು ಶಾಹಿರ ರಾಮಜೋಶಿಯ ಊರು. 1762ರಲ್ಲಿ ಹುಟ್ಟಿ, ಕೀರ್ತನಕಾರರ ಮನೆತನ ಬಿಟ್ಟು ತಮಾಷೆಯವರ ಹಿಂದೆ ಹೋದ ಬ್ರಾಹ್ಮಣ. ಭಾಷೆ ಬೆರೆಸಿ ಲಾವಣಿ ಕಟ್ಟಿದವನೆಂದು ಹೆಸರು. 1947ರಲ್ಲಿ ನಿರ್ದೇಶಕ ವಿ. ಶಾಂತಾರಾಮರ ಸಂಸ್ಥೆ ಅವನ ಮೇಲೆ ಸಿನಿಮಾವನ್ನೇ ತೆಗೆಯಿತು. ಈ ಮೈದಾನದ ಕಲಬೆರಕೆ ಅವನಿಗಂತೂ ಹೊಸದಾಗಿ ಕಾಣುತ್ತಿರಲಿಲ್ಲ.

ಆ ವಾರದಲ್ಲೊಂದು ಗುರುವಾರ ಬರುತ್ತದೆ. ಯಾವ ವಾರದಲ್ಲಿ ಬರುವುದಿಲ್ಲ ಎನ್ನಬೇಡಿ, ಅಕ್ಕಲಕೋಟೆಗೆ ಹೋಗುವವರಿಗೆ ಗುರುವಾರವೇ ಬೇಕು. ಸೊಲ್ಲಾಪುರದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಪುಣೆಯ ಭಜನಿ ಮಂಡಳಿಯವರು ಬಸ್ಸಿನಲ್ಲೇ ತಾಳ ಹಿಡಿದಿದ್ದರು, ಕಂಡಕ್ಟರು ಪಂಚ್ ಬಾರಿಸುತ್ತ ಅವರ ಲಯಕ್ಕೆ ಹೊಂದಿಕೊಂಡಿದ್ದ. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಯಾಗುವವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದ ಊರು. ವಟವೃಕ್ಷದ ಗುಡಿಯಲ್ಲಿ ಆರತಿ, ಹಾರ್ಮೋನಿಯಂ ಎಲ್ಲ ಮರಾಠಿ. ಹೊರಗೆ ಹೂವಿನವಳು ಗಿರಾಕಿಗೆ ಮರಾಠಿಯಲ್ಲಿ ದರ ಹೇಳಿ, ಪಕ್ಕದವಳಿಗೆ "ಏ ಯವ್ವಾ, ಚಿಲ್ಲರ ಐತೇನ?" ಎಂದು ಕೂಗುತ್ತಾಳೆ. 1988ರಲ್ಲಿ ಶುರುವಾದ ಅನ್ನಛತ್ರದಲ್ಲಿ ಊಟ ಮಾಡಿದೆ. ಗುರುಪೂರ್ಣಿಮೆಯ ಮುಂಚೆ ಅದರ ಅಂಗಳದಲ್ಲಿ ವೇದಿಕೆ ಕಟ್ಟಿ ದಿನಕ್ಕೊಬ್ಬರಂತೆ ಗಾಯಕರನ್ನು ಕರೆಸುತ್ತಾರೆ. ಕೂತು ಕೇಳುವವರು ಆಗ ಬರಬಹುದು.

ನನಗೆ ಅಕ್ಕಲಕೋಟೆ ಎಂದರೆ ಅದರ ಸುತ್ತಲಿನ ಹಳ್ಳಿಗಳ ಹರದೇಶಿ-ನಾಗೇಶಿ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು. ಡಪ್ಪು, ತುಂತುಣಿ, ರಾತ್ರಿಯಿಡೀ ಸವಾಲು-ಜವಾಬು. ಚಿಕ್ಕವನಿದ್ದಾಗ ಸೋದರಮಾವನ ಹೆಗಲ ಮೇಲೆ ಕೂತು ಕೇಳಿದ್ದೆ. ನಾಗೇಶಿಯಾಕೆ ಎಸೆದ ಒಂದು ಸವಾಲಿಗೆ ಹರದೇಶಿಯವರು ಬೆಳಗಿನ ಚಹಾ ಬಂದರೂ ಜವಾಬು ಕೊಡಲಿಲ್ಲ. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದಕ್ಕೂ ಜವಾಬು ಬಂದಿಲ್ಲ. ಹಾಡಿಕೆ ಮಾತ್ರ ಎರಡೂ ಕಡೆ ನಡೆದಿದೆ.

ಹೋಮ, ಮದ್ದು ಸುಡುವುದು ಇವೆಲ್ಲ ನೋಡುವ ಬಾಬತ್ತು, ನನ್ನ ಲೆಕ್ಕಕ್ಕಿಲ್ಲ. 16ರ ರಾತ್ರಿ ಆಕಾಶ ಸಿಡಿಯುತ್ತಿದ್ದಾಗ ನಾನು ಅಕ್ಕನ ಅಡುಗೆಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಅವಳ ಅತ್ತೆಯ ದನಿ ಕೇಳುತ್ತಿದ್ದೆ. ಆಯಿಗೆ ಕಣ್ಣು ಮಂದ. ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಮೇಲೆ ಬರೆದ ತ್ರಿಪದಿಗಳು ಬಾಯಲ್ಲಿವೆ, ಬೀಸುವ ಕಲ್ಲಿನ ಧಾಟಿಯಲ್ಲಿ ಗುನುಗುತ್ತಾರೆ. ಲಿಗಾಡೆಯವರೂ ಇದೇ ಊರಿನ ತಾಯಿ. 1974ರ ಮಂಡ್ಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು. ಮಾಮಾ ಹೇಳುವಂತೆ ಆಯಿ ಓದಿದ್ದು ಮರಾಠಿ ಶಾಲೆಯಲ್ಲಿ. ತ್ರಿಪದಿಗಳೆಲ್ಲ ಕೇಳಿ ಕಲಿತದ್ದು.

17ಕ್ಕೆ ಮಲ್ಲಿಕಾರ್ಜುನನ ಗುಡಿಯಲ್ಲಿ ಕಪ್ಪಡಕಳ್ಳಿ. ಕಪ್ಪಡ ಕಳೆಯುವುದು, ನಂದಿಧ್ವಜಗಳ ವಸ್ತ್ರ ಬಿಚ್ಚುವುದು. ಈ ಮಾತನ್ನೂ ಮರಾಠಿಯವರು ಹಾಗೆಯೇ ಇಟ್ಟುಕೊಂಡಿದ್ದಾರೆ. ಆ ರಾತ್ರಿ ಗಲ್ಲಿಯಲ್ಲಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಸುಮ್ಮಗಿತ್ತು.

ಬರುವುದಿದ್ದರೆ 12ಕ್ಕೇ ಬಂದುಬಿಡಿ. ನಸುಕಿನಲ್ಲಿ ಹಲಗಿ ಕಾಯಿಸುವಲ್ಲಿ ಸಿಗುತ್ತೇನೆ. ಚಪ್ಪಲಿ ಅಕ್ಕನ ಮನೆಯಲ್ಲಿ ಬಿಡೋಣ.