ಸಾವಿರ ಬೀಡಿಯ ಲೆಕ್ಕ

ಅಳತೆ ಮತ್ತು ತೂಕದಲ್ಲಿ ವಂಚಿಸುವವರ ಹೆಸರನ್ನೇ ಹೊತ್ತ ಅಧ್ಯಾಯವೊಂದು ಪವಿತ್ರ ಕುರ್‌ಆನ್‌ನಲ್ಲಿದೆ: ಸೂರಃ ಅಲ್ ಮುತಫ್ಫಿಫೀನ್. ಅದನ್ನು ಮಕ್ಕಳಿಗೆ ವಿವರಿಸುವಾಗ ಕಿರಾಣಿ ಅಂಗಡಿಯ ತಕ್ಕಡಿಯನ್ನು ಉದಾಹರಿಸುವುದು ಮದ್ರಸಾಗಳಲ್ಲಿ ರೂಢಿ. ನಿಪ್ಪಾಣಿಯ ಮೊಹಲ್ಲಾಗಳಲ್ಲಿ ಆ ಉದಾಹರಣೆ ಸಾಲದು. ನಮ್ಮಲ್ಲಿ ಓದಲು ಬರುವ ಅನೇಕ ಮಕ್ಕಳ ತಾಯಂದಿರು ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುವವರು. ಆ ಮನೆಗಳಲ್ಲಿ ಅಳತೆಯೆಂದರೆ ಸಾವಿರದ ಲೆಕ್ಕ.

ಲೆಕ್ಕ ನಡೆಯುವ ಬಗೆ ಹೀಗೆ. ಗುತ್ತಿಗೆದಾರನು ಸಾವಿರ ಬೀಡಿಗೆಂದು ಎಲೆಯನ್ನೂ ತಂಬಾಕನ್ನೂ ತೂಗಿ ಕೊಡುತ್ತಾನೆ. ಎಲೆಯಲ್ಲಿ ಹರಿದದ್ದು, ತೂತು ಬಿದ್ದದ್ದು, ಮುಟ್ಟಿದರೆ ಪುಡಿಯಾಗುವಂಥದ್ದು ಸೇರಿರುತ್ತದೆ. ಕತ್ತರಿಸುತ್ತ ಹೋದಂತೆ ನೂರಿನ್ನೂರು ಬೀಡಿಗೆ ಎಲೆ ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದದ್ದನ್ನು ಆಕೆ ತನ್ನ ಕೈಯಿಂದ ಹಣ ಕೊಟ್ಟು ಕೊಂಡು ತುಂಬಬೇಕು. ಕಟ್ಟಿ ಒಯ್ದ ಮೇಲೆ ಆತ ಕಟ್ಟುಗಳನ್ನು ನೋಡಿ, ಇದು ಸಡಿಲ, ಇದು ಡೊಂಕು ಎಂದು ಕೆಲವನ್ನು ಬೇರೆ ಹಾಕುತ್ತಾನೆ. ಬೇರೆ ಹಾಕಿದ್ದಕ್ಕೆ ಕೂಲಿಯಿಲ್ಲ. ಆದರೆ ಅವುಗಳನ್ನು ಆಕೆಗೆ ಹಿಂದಿರುಗಿಸುವುದೂ ಇಲ್ಲ. ಎಲೆ ಆಕೆಯದು, ದುಡಿಮೆ ಆಕೆಯದು, ಬೀಡಿ ಮಾತ್ರ ಅವನದು! ಹಝ್ರತ್ ಶುಐಬ್(ಅ)ರು ಮದ್‌ಯನ್‌ನ ಜನರಿಗೆ ಅಳತೆಯನ್ನು ಪೂರ್ಣಗೊಳಿಸಿರೆಂದು ಬೋಧಿಸಿದ್ದು ಇಂತಹ ವ್ಯವಹಾರಗಳ ನಡುವೆಯೇ ಅಲ್ಲವೇ?

ದೇಶದ ಕಾನೂನು ಈ ವಂಚನೆಯನ್ನು ಅರಿಯದೆ ಇರಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಕುಳಿತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. ಎಲೆ ಕೊಡುವುದು, ಬೀಡಿಯನ್ನು ತಿರಸ್ಕರಿಸುವುದು, ತಿರಸ್ಕರಿಸಿದ ಬೀಡಿಯ ಕೂಲಿ, ಈ ಮೂರರ ತಕರಾರನ್ನೂ ಶೀಘ್ರವಾಗಿ ಇತ್ಯರ್ಥಪಡಿಸುವ ಅಧಿಕಾರಿಯಿರಬೇಕೆಂದು ವಿಧಿಸಿತು. ಆದರೆ ಒಬ್ಬಳೇ ಹೆಂಗಸು ತಕರಾರು ಎತ್ತಿದರೆ ಮರುದಿನ ಆಕೆಯ ಮನೆಗೆ ಎಲೆ ಬರುವುದಿಲ್ಲ. ಕಾನೂನು ಪುಸ್ತಕದಲ್ಲೇ ಉಳಿಯಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ನಮ್ಮ ಈ ಪಟ್ಟಣಕ್ಕೆ ಒಗ್ಗಟ್ಟಿನ ಪಾಠ ಹೊಸದಲ್ಲ. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತದ್ದೂ, ಏಪ್ರಿಲ್ ತಿಂಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದದ್ದೂ ಹಿರಿಯರೆಲ್ಲರಿಗೂ ನೆನಪಿದೆ. ಅದೇ ವರ್ಷಗಳಲ್ಲಿ ತಂಬಾಕಿನ ವಖಾರಿಗಳೊಳಗೆ ಘಾಟಿನ ಧೂಳು ಕುಡಿಯುತ್ತ ಕುಟ್ಟುವ, ಜರಡಿ ಹಿಡಿಯುವ ಸಾವಿರಾರು ಹೆಂಗಸರು ಸಂಘ ಕಟ್ಟಿದರು ಎಂಬುದನ್ನು ನೆನೆಯುವವರು ಕಡಿಮೆ. ಮುಂದೆ ಶಾಸಕರೂ ಆದ ಪ್ರಾಧ್ಯಾಪಕ ಸುಭಾಷ್ ಜೋಶಿಯವರು ಅವರೊಡನೆ ನಿಂತರು. ದೀಪಾ ಧನರಾಜ್ ಮತ್ತು ಸಂಗಡಿಗರ ಯುಗಾಂತರ್ ತಂಡವು 1982ರಲ್ಲಿ ಈ ಹೆಂಗಸರ ಕುರಿತು ‘ತಂಬಾಕೂ ಚಾಕಿಲಾ ಊಬ ಆಲಿ’ ಎಂಬ ಮರಾಠಿ ಸಾಕ್ಷ್ಯಚಿತ್ರವನ್ನು ನಿರ್ಮಿಸಿತು. ಕಾರ್ಮಿಕ ಮಹಿಳೆಯರೇ ಅದರಲ್ಲಿ ತಮ್ಮ ಸ್ಥಿತಿಯನ್ನೂ ಸಂಘ ಕಟ್ಟಿದ ಬಗೆಯನ್ನೂ ತೋರುತ್ತಾರೆ. ಛಾಯಾ ದಾತಾರ್ ಅವರು 1989ರಲ್ಲಿ ಇವರ ಮೇಲೆಯೇ ಇಂಗ್ಲಿಷಿನಲ್ಲೊಂದು ಗ್ರಂಥ ಪ್ರಕಟಿಸಿದರು. ಊರಿನ ತಾಯಂದಿರ ಕಥೆಯನ್ನು ಹೊರಗಿನವರು ಬರೆದಿಟ್ಟರು. ಊರಿನ ಮಕ್ಕಳಿಗೆ ಅದು ತಲುಪಲೇ ಇಲ್ಲ.

‘ಸಂಘ, ಯೂನಿಯನ್ ಎಂಬುದೆಲ್ಲ ದೀನಿನ ಮಾತಲ್ಲ’ ಎನ್ನುವವರು ನಮ್ಮಲ್ಲಿದ್ದಾರೆ. ಅವರು ಹಿಲ್ಫುಲ್ ಫುಝೂಲ್‌ನ ಘಟನೆಯನ್ನು ಮತ್ತೊಮ್ಮೆ ಓದಬೇಕು. ಯಮನಿನ ಝಬೀದ್‌ನಿಂದ ಬಂದ ವ್ಯಾಪಾರಿಯೊಬ್ಬನ ಸರಕನ್ನು ಮಕ್ಕಾದ ಪ್ರಮುಖನಾದ ಆಸ್ ಬಿನ್ ವಾಇಲ್ ಕೊಂಡು ಹಣ ಕೊಡಲಿಲ್ಲ. ದಿಕ್ಕಿಲ್ಲದ ಆ ಪರದೇಶಿಯು ಅಬೂ ಕುಬೈಸ್ ಬೆಟ್ಟವನ್ನೇರಿ ತನಗಾದ ಅನ್ಯಾಯವನ್ನು ಕೂಗಿ ಹೇಳಿದ. ಆಗ ಹಲವು ಕುಲಗಳವರು ಅಬ್ದುಲ್ಲಾಹ್ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಪೀಡಿತನು ಯಾರೇ ಆಗಿರಲಿ, ಅವನ ಹಕ್ಕು ಸಿಗುವವರೆಗೆ ಒಂದಾಗಿ ನಿಲ್ಲುತ್ತೇವೆಂದು ಪ್ರತಿಜ್ಞೆಗೈದು, ಆಸ್‌ನಿಂದ ಆ ಹಣವನ್ನು ಕೊಡಿಸಿದರು. ಸುಮಾರು ಇಪ್ಪತ್ತರ ಹರೆಯದ ಮುಹಮ್ಮದ್(ಸ)ರು ಆ ಸಭೆಯಲ್ಲಿದ್ದರು. ಪ್ರವಾದಿತ್ವ ದೊರೆತ ಬಳಿಕವೂ, ಅಂತಹ ಒಪ್ಪಂದಕ್ಕೆ ಕರೆದರೆ ಇಂದಿಗೂ ಓಗೊಡುತ್ತೇನೆ ಎಂಬ ಅರ್ಥದಲ್ಲಿ ಅವರು ಅದನ್ನು ಪ್ರಶಂಸಿಸಿದರು. ಆ ಮನೆಯಲ್ಲಿ ಸೇರಿದವರು ಯಾರೂ ಆಗ ಮುಸ್ಲಿಮರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಕಳೆದ ಎರಡು ವರ್ಷಗಳಿಂದ ನಾವು ವಾರಕ್ಕೆರಡು ದಿನ ಅಸರ್ ನಮಾಝಿನ ನಂತರ ಬೀಡಿ ಕಟ್ಟುವ ಹೆಂಗಸರಿಗೆ ಪಾಠ ಹೇಳುತ್ತಿದ್ದೇವೆ. ನಮ್ಮ ಗಲ್ಲಿಯವರ ಜೊತೆಗೆ ಪಕ್ಕದ ಓಣಿಯ ದಲಿತ ಮತ್ತು ಮರಾಠಾ ಮನೆಗಳ ಹೆಂಗಸರೂ ಬರುತ್ತಾರೆ. ಮೊದಲು ಅಂಕಿ. ಅನಂತರ ತಮ್ಮ ಹೆಸರು. ಆಮೇಲೆ ಲೆಕ್ಕದ ಪುಸ್ತಕ: ಯಾವ ದಿನ ಎಷ್ಟು ಎಲೆ ಬಂತು, ಎಷ್ಟು ಕಟ್ಟಿದೆವು, ಎಷ್ಟು ತಿರಸ್ಕರಿಸಲ್ಪಟ್ಟಿತು, ಕೈಯಿಂದ ಕೊಂಡ ಎಲೆಗೆ ಎಷ್ಟು ಖರ್ಚಾಯಿತು. ಕೊನೆಗೆ ಮಾತನಾಡುವುದು. ಒಬ್ಬರು ಗುತ್ತಿಗೆದಾರರಾಗಿ ಕುಳಿತು ಗದರಿಸಬೇಕು, ಇನ್ನೊಬ್ಬರು ಪುಸ್ತಕ ತೆರೆದು ಉತ್ತರಿಸಬೇಕು. ಗದರಿಸುವ ಪಾತ್ರಕ್ಕೆ ಎಲ್ಲರೂ ಮುಂದೆ ಬರುತ್ತಾರೆ, ನಗೆಯೂ ಏಳುತ್ತದೆ. ಉತ್ತರಿಸುವುದನ್ನು ಕಲಿಯಲು ತಿಂಗಳುಗಳು ಹಿಡಿದವು. ಕೇರಳದ ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲಿ ಒಬ್ಬನು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದನಂತೆ, ಉಳಿದವರು ಅವನ ಪಾಲಿನ ಬೀಡಿಯನ್ನೂ ಕಟ್ಟಿಕೊಡುತ್ತಿದ್ದರಂತೆ. ಅಲ್ಲಿ 1966ರ ಕಾಯ್ದೆ ಜಾರಿಗೆ ಬಂದಾಗ ಮಾಲೀಕರು ಕಾರ್ಖಾನೆ ಮುಚ್ಚಿ ಹೊರಟರು. ಕೆಲಸ ಕಳೆದುಕೊಂಡವರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿ ತಾವೇ ಮಾಲೀಕರಾದರು. ಈ ಕಥೆಯನ್ನು ನಮ್ಮ ವಿದ್ಯಾರ್ಥಿನಿಯರು ಮೂರು ಬಾರಿ ಹೇಳಿಸಿಕೊಂಡಿದ್ದಾರೆ.

ಮೊದಲ ವರ್ಷದ ಕೊನೆಯಲ್ಲಿ ಮೂವರು ಹೆಂಗಸರು ಲೆಕ್ಕದ ಪುಸ್ತಕದಲ್ಲಿ ತಿರಸ್ಕೃತ ಬೀಡಿಯ ಸಂಖ್ಯೆಯನ್ನು ಬರೆದುಕೊಡಿ ಎಂದು ಕೇಳಿದರು. ನಾಲ್ಕು ವಾರ ಆ ಮೂರು ಮನೆಗಳಿಗೆ ಎಲೆ ಬರಲಿಲ್ಲ. ಆ ಗುತ್ತಿಗೆದಾರರು ಮಸೀದಿಗೆ ಪಂಖಾ ಹಾಕಿಸಿದವರು, ರಮಝಾನಿನಲ್ಲಿ ಇದೇ ಹೆಂಗಸರಿಗೆ ರೇಷನ್ ಹಂಚುವವರು. ಪಾಠವನ್ನು ಮದ್ರಸಾದ ಕೋಣೆಯಿಂದ ಬೇರೆಡೆಗೆ ಒಯ್ಯಬೇಕೆಂದು ನಮಗೆ ಸೂಚನೆ ಬಂತು. ಒಯ್ದೆವು, ಈಗ ಒಬ್ಬ ಖಾಲಾರ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದೆ. ದಾನಿಗಳ ಔದಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಝಕಾತ್ ಅಲ್ಲಾಹನಿಗೆ ಸಲ್ಲಿಸುವ ಆರಾಧನೆ. ಕೂಲಿಯು ಹುಕೂಕುಲ್ ಇಬಾದ್, ದಾಸರ ಹಕ್ಕು. ಒಂದನ್ನು ಕೊಟ್ಟು ಇನ್ನೊಂದನ್ನು ತೀರಿಸಲಾಗದು. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನದಂದು ತಾನೇ ವಾದಿಯಾಗುವೆನೆಂದು ಅಲ್ಲಾಹನು ಎಚ್ಚರಿಸಿರುವುದು ಬುಖಾರಿಯ ಹದೀಸಿನಲ್ಲಿ ಬಂದಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಅನೇಕ ಉಲಮಾಗಳು ಧೂಮಪಾನವನ್ನು ನಿಷಿದ್ಧವೆನ್ನುವಾಗ ಬೀಡಿಯ ಕೂಲಿಗಾಗಿ ಇಷ್ಟು ಶ್ರಮವೇಕೆ? ತಂಬಾಕು ಕೆಟ್ಟದ್ದೇ, ಅದರ ಧೂಳಿನಿಂದ ಕೆಮ್ಮುವ ತಾಯಂದಿರನ್ನು ದಿನವೂ ಕಾಣುವ ನಮಗೆ ಅದನ್ನು ಯಾರೂ ಹೇಳಬೇಕಿಲ್ಲ. ಆದರೆ ಕೆಲಸ ಬಿಡಿಸುವ ಮಾತು ಆಡುವವರು ಬೇರೆ ಕೆಲಸ ಕೊಡುವ ಮಾತನ್ನೂ ಆಡಬೇಕು. ಅಲ್ಲಿಯವರೆಗೆ ಕಟ್ಟಿದ ಬೀಡಿಯ ಕೂಲಿಯು ಕಟ್ಟಿಸಿದವನ ಮೇಲಿನ ಸಾಲವೇ. ಬಿಟ್ಟು ಹೋಗಬಯಸುವವಳಿಗೂ ಕೈಯಲ್ಲಿ ನಾಲ್ಕು ಕಾಸು ಉಳಿದಿರಬೇಕಲ್ಲ.

ಅಥಣಿಯಿಂದ ಇತ್ತೀಚೆಗೆ ಸಂಬಂಧಿಕರೊಬ್ಬರು ಬಂದಿದ್ದರು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ಅಲ್ಲಿಯ ಚರ್ಮಕಾರ ಕುಟುಂಬಗಳೂ ತಯಾರಿಸುತ್ತವೆ. ಅಲ್ಲಿ ಹೊಲಿಯುವ ಹೆಂಗಸರಿಗೆ ಜೋಡಿಯ ಲೆಕ್ಕದಲ್ಲಿ ಕೂಲಿ. ಅವರಿಗೂ ಇಂಥದೊಂದು ಪುಸ್ತಕ ಬೇಕೆಂದು ನಮ್ಮಿಂದ ಪುಟದ ನಮೂನೆಯನ್ನು ಬರೆದುಕೊಂಡು ಹೋದರು. ರಾಯಬಾಗ, ಕಾಗವಾಡದ ಕಬ್ಬಿನ ಸೀಮೆಯಲ್ಲಿ ಕಾಟಾದ ತೂಕದ ಬಗ್ಗೆ ರೈತರ ದೂರು ಹಳೆಯದು; ಅದು ಬೇರೆಯೇ ಬರಹವಾದೀತು.

ಆ ಮೂರು ಮನೆಗಳಿಗೆ ಎಲೆ ಮತ್ತೆ ಬಂದದ್ದು ಹೇಗೆಂದರೆ, ಐದನೆಯ ವಾರ ಅದೇ ಗುತ್ತಿಗೆದಾರರಿಂದ ಎಲೆ ಪಡೆಯುವ ಇಪ್ಪತ್ತಾರು ಮನೆಯವರೂ ಎಲೆ ಒಯ್ಯಲು ಹೋಗಲಿಲ್ಲ. ಈಗ ಎಣಿಕೆ ಹೆಂಗಸರ ಕಣ್ಣೆದುರೇ ನಡೆಯುತ್ತದೆ. ತಿರಸ್ಕರಿಸಿದ ಸಂಖ್ಯೆಯನ್ನು ಖಾಲಾ ಗಟ್ಟಿಯಾಗಿ ಓದಿ ಹೇಳುತ್ತಾರೆ, ಮೂವರು ಬರೆದುಕೊಳ್ಳುತ್ತಾರೆ. ‘ಹಜರತ್, ನಾವು ಓದಲು ಕಲಿತ ಮೇಲೆ ಡೊಂಕು ಬೀಡಿಗಳು ಕಡಿಮೆಯಾಗಿವೆ’ ಎಂದು ಅವರೊಮ್ಮೆ ನಕ್ಕರು. ತಿರಸ್ಕರಿಸಿದ ಬೀಡಿ ಯಾರ ಸೊತ್ತು ಎಂಬ ಪ್ರಶ್ನೆ ಮಾತ್ರ ಇನ್ನೂ ಹಾಗೆಯೇ ಇದೆ. ಅದನ್ನು ಕಾರ್ಮಿಕ ನಿರೀಕ್ಷಕರ ಮುಂದಿಡಲು ಅರ್ಜಿ ಸಿದ್ಧವಾಗಿದೆ. ಇಪ್ಪತ್ತಾರರಲ್ಲಿ ಹತ್ತೊಂಬತ್ತು ಮಂದಿ ಸಹಿ ಹಾಕಿದ್ದಾರೆ. ಉಳಿದ ಏಳು ಮಂದಿ ಹೆಬ್ಬೆಟ್ಟು ಒತ್ತುವುದಿಲ್ಲ, ಹೆಸರು ಬರೆಯಲು ಕಲಿತೇ ಸಹಿ ಮಾಡುತ್ತೇವೆಂದು ಎರಡು ವಾರದ ಸಮಯ ಕೇಳಿದ್ದಾರೆ.