ಈ ಸಲ ಅಷ್ಟಮಿಗೆ ಹೋಗೋಣ



ಮೇ ರಜೆಯ ಗಾಳದ ಪ್ರವಾಸವನ್ನು ಒಂದು ವಾರ ಮುಂದಕ್ಕೆ ಹಾಕಿದ್ದಕ್ಕೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತುಗಳನ್ನೆಲ್ಲ ಓದಿದ್ದೇನೆ. ಹುಣ್ಣಿಮೆಯ ಮರುದಿನದ ಶನಿವಾರ ಬಿಟ್ಟು ಅಷ್ಟಮಿಯ ಶನಿವಾರ ಯಾಕೆ ಎಂದು ಹಲವರು ಕೇಳಿದ್ದೀರಿ. "ಅಷ್ಟಮಿಯ ನೀರಿಗೆ ಮೀನು ಕಚ್ಚುವುದುಂಟಾ ಅಣ್ಣ? ಬರೇ ಏಡಿ ಸಿಕ್ಕೀತು" ಎಂದು ಒಬ್ಬ ಬರೆದಿದ್ದಾನೆ. ಅವನು ಹೇಳಿದ್ದು ಸುಳ್ಳಲ್ಲ. ಗಾಳ ಹಿಡಿದವರಿಗೆಲ್ಲ ಗೊತ್ತಿರುವ ವಿಷಯ ಅದು. ಆದರೂ ದಿನ ಬದಲಿಸಿದವನು ನಾನೇ. ಅದರ ಕಾರಣ ಗುಂಪಿನಲ್ಲಿ ಎರಡು ಸಾಲು ಬರೆದರೆ ಮುಗಿಯುವಂಥದ್ದಲ್ಲ. ಅದರಲ್ಲಿ ನಾನು ತಿಂಗಳುಗಟ್ಟಲೆ ಬಾಯಿ ಬಿಡದೆ ಇಟ್ಟುಕೊಂಡ ಒಂದು ಸಂಗತಿಯೂ ಉಂಟು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕದ ಮಾತು. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಗುರುತು ಇದ್ದೇ ಇರುತ್ತದೆ. ಆ ಎರಡು ದಿನ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುತ್ತವೆ. ಕಡಲನ್ನು ಏರಿಸುವುದರಲ್ಲಿ ಸೂರ್ಯನ ಬಲ ಚಂದ್ರನದ್ದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಎರಡೂ ಸೇರಿ ಎಳೆದಾಗ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅದರ ಜೋರು ಕಾಣುವುದು ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ. ಅಷ್ಟಮಿಯ ಹೊತ್ತಿಗೆ ಸೂರ್ಯ ಒಂದು ಕಡೆ, ಚಂದ್ರ ಅದಕ್ಕೆ ಅಡ್ಡವಾಗಿ ಇನ್ನೊಂದು ಕಡೆ ಎಳೆಯುತ್ತವೆ. ಆಗ ಉಬ್ಬರವೂ ಸಣ್ಣದು, ಇಳಿತವೂ ಸಣ್ಣದು.

ಸಮಯದ ಲೆಕ್ಕವೂ ಕಷ್ಟದ್ದಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಉಬ್ಬರ ಮಧ್ಯಾಹ್ನದ ಸುಮಾರಿಗೆ ಬರುತ್ತದೆ. ಅಷ್ಟಮಿಯ ಆಚೀಚೆ ಆ ಹೊತ್ತಿಗೆ ಇಳಿತ ಇರುತ್ತದೆ. ಇಷ್ಟು ನೆನಪಿದ್ದರೆ ಫೋನು ಇಲ್ಲದೆಯೂ ಅಂದಾಜು ಮಾಡಬಹುದು.

ಮೀನು ಹಿಡಿಯುವವನಿಗೆ ಬೇಕಾದದ್ದು ಓಡುವ ನೀರು. ಇಳಿತದ ನೀರು ಹೊಳೆಯ ಸಿಗಡಿಗಳನ್ನೂ ಸಣ್ಣ ಮೀನುಗಳನ್ನೂ ಅಳಿವೆಯ ಕಡೆಗೆ ಎಳೆದು ತರುತ್ತದೆ. ಅದನ್ನು ತಿನ್ನಲು ಕೆಂಬೇರಿಯಂಥ ದೊಡ್ಡ ಮೀನುಗಳು ಬಾಗಿಲಲ್ಲೇ ಕಾಯುತ್ತವೆ. ಹಾಗಾದರೆ ನೀರು ಅತಿ ವೇಗವಾಗಿ ಓಡುವುದು ಯಾವಾಗ? ಅದಕ್ಕೆ ನಾವಿಕರ ಹಳೆಯ ಸೂತ್ರ ಒಂದುಂಟು. ಆರು ಗಂಟೆಯ ಇಳಿತದಲ್ಲಿ ಒಟ್ಟು ನೀರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆ ಒಂದು ಪಾಲು ಇಳಿಯುತ್ತದೆ, ಆಮೇಲೆ ಎರಡು, ಮೂರು, ಮೂರು, ಎರಡು, ಒಂದು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಹೊರಗೆ ಹೋಗಿರುತ್ತದೆ.

ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದ ನನಗೆ ಈ ಸೂತ್ರವೆಂದರೆ ಬಹಳ ಇಷ್ಟ. ಹೋದ ವರ್ಷ ಅಕ್ಟೋಬರಿನ ಶನಿವಾರ ನಾವು ಹನ್ನೊಂದು ಮಂದಿ ಶಿರಿಯದ ಅಳಿವೆಗೆ ಹೋದದ್ದು ಇದೇ ಲೆಕ್ಕದ ಮೇಲೆ. ಅಮಾವಾಸ್ಯೆ ಕಳೆದು ಎರಡು ದಿನ. ಹನ್ನೆರಡೂವರೆ ಸುಮಾರಿಗೆ ಉಬ್ಬರ, ಸಂಜೆ ಆರೂವರೆ ಸುಮಾರಿಗೆ ಇಳಿತದ ತಳ. ಅಂದ ಮೇಲೆ ಎರಡೂವರೆಯಿಂದ ನಾಲ್ಕೂವರೆಯವರೆಗೆ ಗಾಳ ಹಾಕಬೇಕು. ಕಾಗದದಲ್ಲಿ ಗೀಟು ಎಳೆದು ಎಲ್ಲರಿಗೂ ತೋರಿಸಿದ್ದೆ. ದೊಡ್ಡವರಿಬ್ಬರು "ಇವನದ್ದು ಲೆಕ್ಕ ಅಂದರೆ ಲೆಕ್ಕ" ಎಂದು ಹೊಗಳಿದ್ದರು. ನಾನು ಉಬ್ಬಿಹೋಗಿದ್ದೆ.

ಲೆಕ್ಕ ತಪ್ಪಿರಲಿಲ್ಲ. ಮೂರೂವರೆಗೆ ಮೀನು ಕಚ್ಚಲು ಶುರುವಾಯಿತು. ಒಂದರ ಮೇಲೊಂದು ಗಾಳ ಬಗ್ಗುತ್ತಿತ್ತು. ಬದಿಯಲ್ಲಿ ನಿಂತು ಹಾಕಿದ್ದು ಸಾಲದೆಂದು ಕೆಲವರು ಮೊಣಕಾಲು ನೀರಿನಲ್ಲಿ ನಡೆದು ಮರಳ ದಿಣ್ಣೆಗೆ ಹೋದರು. ಬೇಡ ಎನ್ನಬೇಕಾದವನು ನಾನು. ಬೇಡ ಎನ್ನಲಿಲ್ಲ, ನಾನೂ ಹೋದೆ.

ನಾನು ನೋಡದೆ ಬಿಟ್ಟದ್ದು ಎರಡು. ಹಿಂದಿನ ರಾತ್ರಿ ಮೂಡಣ ಕಡೆಯಲ್ಲಿ ಗುಡುಗು ಕೇಳಿತ್ತು, ಕಡಲ ಬದಿಯಲ್ಲಿ ಒಂದು ಹನಿ ಬಿದ್ದಿರಲಿಲ್ಲ. ತುಲಾ ತಿಂಗಳ ಮಳೆ ಹಾಗೆಯೇ, ಗುಡ್ಡದಲ್ಲಿ ಸುರಿದದ್ದು ಪೇಟೆಗೆ ಗೊತ್ತಾಗುವುದಿಲ್ಲ. ಆ ನೀರು ಮರುದಿನ ಹೊಳೆಯಲ್ಲಿ ಬಂದು ಇಳಿತದ ಜೊತೆ ಸೇರಿಕೊಂಡಿತ್ತು. ಎರಡನೆಯದು ಇನ್ನೂ ಸರಳ. ಮೀನನ್ನು ಬಾಗಿಲಿಗೆ ಎಳೆದು ತರುವ ನೀರು ಮನುಷ್ಯನನ್ನೂ ಅದೇ ಬಾಗಿಲಿಗೆ ಎಳೆಯುತ್ತದೆ. ಮೀನಿಗೆ ಅತಿ ಒಳ್ಳೆಯ ಹೊತ್ತು ಎಂದು ನಾನು ಗೀಟು ಎಳೆದು ತೋರಿಸಿದ ಆ ಎರಡು ಗಂಟೆ, ನೀರಿನಲ್ಲಿ ನಿಲ್ಲುವವನಿಗೆ ಅತಿ ಕೆಟ್ಟ ಹೊತ್ತು.

ನಾಲ್ಕು ಗಂಟೆ ಕಳೆದಿತ್ತು. ಹತ್ತನೇ ಕ್ಲಾಸಿನ ನಮ್ಮ ಹುಡುಗ ದಿಣ್ಣೆಯ ಅಂಚಿನಲ್ಲಿದ್ದ. ಕಾಲ ಕೆಳಗಿನ ಮರಳು ಕುಸಿಯಿತು. ಮೊಣಕಾಲಿನಷ್ಟಿದ್ದ ನೀರು ಅವನ ಎದೆಗೆ ಬಂತು. "ಅಣ್ಣಾ" ಎಂದು ಒಂದೇ ಸಲ ಕೂಗಿದ. ನಾನು ಇಪ್ಪತ್ತು ಹೆಜ್ಜೆ ಈಚೆ ಇದ್ದೆ. ಓಡಲು ಹೊರಟರೆ ನೀರಿನಲ್ಲಿ ಕಾಲು ಏಳುವುದಿಲ್ಲ. ಅವನು ಬಾಯಿ ಮೇಲಕ್ಕೆ ಮಾಡಿಕೊಂಡು ಕಡಲಿನ ಕಡೆ ಜಾರುತ್ತಿದ್ದ.

ಕೆಳಗಡೆ ಬೀಸುಬಲೆ ಹಿಡಿದು ನಿಂತಿದ್ದ ಅಜ್ಜ ಒಬ್ಬರು ಬಲೆಯನ್ನು ಹಾಗೆಯೇ ಬಿಟ್ಟು ನೀರಿಗೆ ಇಳಿದರು. ನೇರವಾಗಿ ಅವನ ಕಡೆಗೆ ಹೋಗಲಿಲ್ಲ. ನೀರು ಅವನನ್ನು ಎಲ್ಲಿಗೆ ತರುತ್ತದೆ ಎಂದು ಅವರಿಗೆ ಗೊತ್ತಿತ್ತು. ಅಲ್ಲಿ ಹೋಗಿ ನಿಂತು, ಬಂದವನ ಅಂಗಿಯ ಕಾಲರು ಹಿಡಿದು ಬದಿಗೆ ಎಳೆದರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಅಜ್ಜ ಬೈಯಲಿಲ್ಲ. ಕೆಮ್ಮುತ್ತಿದ್ದ ಹುಡುಗನ ಬೆನ್ನು ತಟ್ಟುತ್ತಾ ನನ್ನ ಕಡೆ ತಿರುಗಿ ಕೇಳಿದರು, "ಮಕ್ಕಳನ್ನು ಕರಕೊಂಡು ಬಂದದ್ದು ನೀನಾ?" ಹೌದು ಅಂದೆ. "ವಾವು ಕಳೆದು ಎರಡು ದಿನ. ಮೀನು ಬರುವ ಹೊತ್ತು ನೋಡಿಯೇ ಬಂದಿದ್ದಿ, ಚಂದ ಉಂಟು. ಇವರು ವಾಪಸು ಹೋಗುವ ಹೊತ್ತು ನೋಡಿದ್ದಿಯಾ?" ವಾವು ಎಂದರೆ ಮಲಯಾಳದಲ್ಲಿ ಹುಣ್ಣಿಮೆಯೂ ಹೌದು, ಅಮಾವಾಸ್ಯೆಯೂ ಹೌದು. ಆಮೇಲೆ ಹೊಳೆಯ ಕಡೆ ಕೈ ತೋರಿಸಿ, "ಬಣ್ಣ ನೋಡು. ಇದು ಕಡಲ ನೀರಲ್ಲ, ಗುಡ್ಡದ ನೀರು" ಅಂದರು. ಆಗ ಕಣ್ಣಿಗೆ ಬಿತ್ತು. ಹೊಳೆ ಚಹಾದ ಬಣ್ಣಕ್ಕೆ ತಿರುಗಿತ್ತು. ನಾವು ಬಂದಾಗಲೂ ಅದೇ ಬಣ್ಣ ಇದ್ದಿರಬೇಕು. ನಾನು ನೋಡುತ್ತಿದ್ದದ್ದು ಫೋನು.

ವಾಪಸು ಬರುವಾಗ ಯಾರೂ ಮಾತಾಡಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ನಾನೇ ಹೇಳಿದೆ, "ಮನೆಯಲ್ಲಿ ಸುಮ್ಮನೆ ಹೆದರಿಸುವುದು ಬೇಡ." ಹೆದರಿದ್ದು ನಾನು, ಹೆಸರು ಹಾಕಿದ್ದು ಮನೆಯವರದ್ದು. ಮರುದಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಹುಡುಗನ ಅಮ್ಮ ಸಿಕ್ಕಿದರು. "ಮೀನು ಒಳ್ಳೆ ಸಿಕ್ಕಿತಂತಲ್ಲ!" ಅಂದರು. "ಹೌದು ಆಂಟಿ" ಅಂದೆ. ಅದು ಸುಳ್ಳಲ್ಲ, ಆದರೆ ಸತ್ಯವೂ ಅಲ್ಲ ಎಂದು ನನಗೆ ಗೊತ್ತಿತ್ತು.

ಮೀನು ಹಿಡಿದ ಕತೆ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಲೂಕನ ಶುಭಸಂದೇಶದ 5ನೇ ಅಧ್ಯಾಯ. ರಾತ್ರಿಯೆಲ್ಲ ಬಲೆ ಹಾಕಿ ಏನೂ ಸಿಗದ ಪೇತ್ರನಿಗೆ ಯೇಸುಸ್ವಾಮಿಯ ಮಾತಿನಂತೆ ಹಾಕಿದ ಬಲೆ ತುಂಬಿತು. ಯುವಜನರ ಪ್ರಾರ್ಥನಾ ಕೂಟಗಳಲ್ಲಿ ನಾನೇ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಆದರೆ ಆ ಮೀನಿನ ಭಾರಕ್ಕೆ ಎರಡೂ ದೋಣಿಗಳು ಮುಳುಗುವಂತಾದವು ಎಂಬುದನ್ನು ಅಷ್ಟಾಗಿ ಗಮನಿಸಿರಲಿಲ್ಲ. ಪೇತ್ರ ಮೊಣಕಾಲೂರಿದ್ದು ಅಂಥ ಹೊತ್ತಿನಲ್ಲಿ. ದಡಕ್ಕೆ ಬಂದ ಮೇಲೆ ಅವರು ಎಲ್ಲವನ್ನೂ ಬಿಟ್ಟು ಸ್ವಾಮಿಯನ್ನು ಹಿಂಬಾಲಿಸಿದರು, ಆ ಮೀನು ಏನಾಯಿತೆಂದು ಲೂಕನು ಬರೆಯುವುದೇ ಇಲ್ಲ. ನನಗೆ ಮಾತ್ರ ಆ ಶನಿವಾರ ಎಷ್ಟು ಮೀನು ಸಿಕ್ಕಿತ್ತು ಎಂಬ ಲೆಕ್ಕ ಇವತ್ತಿಗೂ ನೆನಪಿದೆ.

ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋದೆ. ಅಲ್ಲಿ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಆ ಮನೆಯ ಬಾಗಿಲು ತಟ್ಟುವುದು ಕಷ್ಟವಾಯಿತು. ಎರಡು ಸಲ ಗೇಟಿನವರೆಗೆ ಹೋಗಿ ಹಿಂದೆ ಬಂದೆ. ಮೂರನೆಯ ಸಲ ಆಂಟಿಯೇ ನೋಡಿ ಕರೆದರು. ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು, "ಅವನ ಕೈ ಹಿಡಿದದ್ದು ನೀನಾ?" ಅಲ್ಲ ಆಂಟಿ, ಒಬ್ಬ ಅಜ್ಜ ಹಿಡಿದರು ಅಂದೆ. ಅವರು ಎದ್ದು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಕಾದು ಎದ್ದು ಬಂದೆ.

ಇನ್ನೊಂದು ಮಾತು, ಚಂದ್ರನನ್ನೇ ಪೂರ್ತಿ ನಂಬುವವರಿಗೆ. ನಮ್ಮ ಧರ್ಮಸಭೆಯ ಪಂಚಾಂಗದಲ್ಲೂ ಚಂದ್ರ ಇದ್ದಾನೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರವೇ ಈಸ್ಟರ್. ಹಾಗಾಗಿ ಧರ್ಮಸಭೆಯ ಲೆಕ್ಕದ ಆ ಹುಣ್ಣಿಮೆ ಗರಿಗಳ ಭಾನುವಾರದಿಂದ ಪವಿತ್ರ ಶನಿವಾರದ ಒಳಗೇ ಬೀಳುತ್ತದೆ. 2024ರಲ್ಲಿ ಹುಣ್ಣಿಮೆ ಮಾರ್ಚ್ 25ಕ್ಕೆ, ಈಸ್ಟರ್ ಮಾರ್ಚ್ 31ಕ್ಕೆ. ಅಂದರೆ ಆ ಭಾನುವಾರ ಅಷ್ಟಮಿ ಹತ್ತಿರವಾಗಿತ್ತು, ಚಂದ್ರನ ಲೆಕ್ಕದಲ್ಲಿ ಕಡಲು ತಗ್ಗಿರಬೇಕು. ಆದರೆ ಅವತ್ತೇ ಕೇರಳದ ತೆಂಕಣ ಜಿಲ್ಲೆಗಳಲ್ಲಿ ಕಡಲು ದಡ ಮೀರಿ ಮನೆಗಳಿಗೆ ನುಗ್ಗಿತು. ಅದಕ್ಕೆ ಕಾರಣವಾದ ಬಿರುಗಾಳಿ ಎದ್ದದ್ದು ದಿನಗಳ ಹಿಂದೆ, ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ಅದರ ಅಲೆಗಳು ಸಾವಿರಾರು ಕಿಲೋಮೀಟರು ನಡೆದು ಬಂದವು. ಮಲಯಾಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಎನ್ನುತ್ತಾರೆ. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಳ್ಳ ಹೇಳಿ ಬರುವುದಿಲ್ಲ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇಂಥ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆಂದೇ ಎಚ್ಚರಿಕೆ ಹೊರಡಿಸುತ್ತದೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ತಿರುವನಂತಪುರ, ಕನ್ಯಾಕುಮಾರಿ ಕಡೆಯ ಎಷ್ಟೋ ಮೀನುಗಾರರು ಆಗಲೇ ಕಡಲಿಗೆ ಇಳಿದಾಗಿತ್ತು. ಪೂಂದುರದಂಥ ಧರ್ಮಕೇಂದ್ರಗಳಲ್ಲಿ ಹೋದವರು ಬಾರದ ಮನೆಗಳು ಇವತ್ತಿಗೂ ಇವೆ. ಅವರು ಹೊಟ್ಟೆಪಾಡಿಗೆ ಹೋದವರು. ನಾವು ಹೋಗುವುದು ಖುಷಿಗೆ. ಖುಷಿಗೆ ಹೋಗುವವನಿಗೆ "ಇವತ್ತು ಬೇಡ" ಎನ್ನುವುದರಲ್ಲಿ ಏನು ನಷ್ಟ?

ಆದ್ದರಿಂದ ಇನ್ನು ಮುಂದೆ ನಮ್ಮ ಕ್ರಮ ಹೀಗೆ. ದಿನ ಗೊತ್ತುಮಾಡಲು ಕ್ಯಾಲೆಂಡರು. ಹಿಂದಿನ ರಾತ್ರಿ ಹವಾಮಾನ ಇಲಾಖೆ ಮತ್ತು ಇನ್‌ಕಾಯಿಸ್ ಎಚ್ಚರಿಕೆಗಳು, ಜೊತೆಗೆ ಮೂಡಣದಲ್ಲಿ ಮಳೆ ಬಂತಾ ಎಂದು ಅಲ್ಲಿಯವರಿಗೆ ಒಂದು ಫೋನು. ಹೊಳೆಯ ಬದಿಗೆ ಬಂದ ಮೇಲೆ ನೀರಿನ ಬಣ್ಣ, ಮತ್ತು ಅಲ್ಲಿ ಬಲೆ ಹಾಕುವ ಹಿರಿಯರ ಮಾತು. ಇವುಗಳಲ್ಲಿ ಒಂದು ಬೇಡ ಎಂದರೂ ಬೇಡ. ಮರಳ ದಿಣ್ಣೆಗೆ ಯಾರೂ ಹೋಗುವುದಿಲ್ಲ, ನಾನೂ ಸೇರಿ. ಗುಡುಗಿನ ಸದ್ದು ಕೇಳಿದರೆ ಗಾಳ ಕೆಳಗಿಡಬೇಕು. ನಿಮ್ಮ ಹೊಸ ಕಾರ್ಬನ್ ರಾಡುಗಳಲ್ಲಿ ವಿದ್ಯುತ್ತು ಹರಿಯುತ್ತದೆ, ನೆನಪಿರಲಿ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ಬೋಟುಗಳೇ ಕಡಲಿಗೆ ಇಳಿಯುವುದಿಲ್ಲ. ಆ ದಿನಗಳಲ್ಲಿ ನಾವೂ ಅಳಿವೆಯ ಕಡೆ ಸುಳಿಯುವುದಿಲ್ಲ.

ಈ ಅಷ್ಟಮಿಯ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಹೊಳೆಯ ಬದಿಯಲ್ಲಿ ಸೇರೋಣ. ಇಳಿತದ ಕೊನೆಯ ಹೊತ್ತು, ನೀರು ಮೆಲ್ಲಗೆ ನಡೆಯುತ್ತಿರುತ್ತದೆ. ಆಮೇಲೆ ಏರುವ ನೀರು ತಳ್ಳಿದರೂ ಒಳಕ್ಕೆ ತಳ್ಳುತ್ತದೆ, ಕಡಲಿಗಲ್ಲ. ಮೀನು ಕಡಿಮೆ ಸಿಕ್ಕೀತು. ಕಾಣೆ ನಾಲ್ಕು ಸಿಕ್ಕಿದರೆ ಹುರಿದು ಹಂಚಿಕೊಳ್ಳೋಣ. ಏಡಿಯೇ ಸಿಕ್ಕಿದರೆ ಅದೂ ಆಗಬಹುದು. ಅಜ್ಜನನ್ನೂ ಕರೆದಿದ್ದೇನೆ, "ಬಲೆ ತರುತ್ತೇನೆ, ಆದರೆ ನಾನು ಹೇಳಿದ ಹಾಗೆ ಕೇಳಬೇಕು" ಎಂದಿದ್ದಾರೆ.

ಆ ಹುಡುಗನ ಹೆಸರು ಈ ಸಲದ ಪಟ್ಟಿಯಲ್ಲಿ ಇರಲಾರದು ಎಂದುಕೊಂಡಿದ್ದೆ. ಹೋದ ಭಾನುವಾರ ಪೂಜೆ ಮುಗಿದ ಮೇಲೆ ಆಂಟಿಯೇ ಬಂದು ಹೆಸರು ಬರೆಸಿದರು. ಹೆಚ್ಚು ಮಾತಾಡಲಿಲ್ಲ. ಎಷ್ಟು ಗಂಟೆಗೆ ಹೊರಡುವುದು ಎಂದು ಕೇಳಲಿಲ್ಲ. ಎಷ್ಟು ಗಂಟೆಗೆ ವಾಪಸು ಎಂದು ಕೇಳಿದರು.

ಹನ್ನೆರಡು ಗಂಟೆಗೆ ಎಂದು ಬರೆದು ಕೊಟ್ಟಿದ್ದೇನೆ.